ಸಹಾಯ ಬೇಕು: ಹಸಿ ಗೋಡೆಗೆ ವಾಲ್‌ಪೇಪರ್ ನಿಲ್ತಾ ಇಲ್ಲ

ಅಕ್ಕ ಅಣ್ಣಂದಿರೇ, ಬೀದರಿನ ಹಳೇ ಊರಲ್ಲಿ ನಮ್ಮ ಮನೆ, ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆ. 5 ಅಡಿ ಅಗಲ, 6 ಅಡಿ ಉದ್ದದ ಹೊಲಿಗೆ ರೂಮಿನ ಒಂದು ಗೋಡೆಗೆ ಕಡುಹಸಿರು ವಾಲ್‌ಪೇಪರ್, ಅದರ ಮೇಲೆ ಅಂಗೈಯಷ್ಟು ದೊಡ್ಡ ಬಿಳಿ ಹೂವು, ತುಂಬಾ ಆಸೆಪಟ್ಟು ಅಂಟಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಅಂಚು ಎದ್ದು ಬಂತು. ಹಿಂದೆ ಬೆರಳಿಟ್ಟರೆ ಸುಣ್ಣ ಪುಡಿಪುಡಿ. ಕೆರೆದು, ಪುಟ್ಟಿ, ಪ್ರೈಮರ್ ಹೊಡೆಸಿ ಮತ್ತೆ ಅಂಟಿಸಿದೆ, ಎರಡೇ ತಿಂಗಳು ನಿಂತಿತು.

ಸಣ್ಣ ರೂಮಿಗೆ ಸುಮ್ನೆ ತಿಳಿ ಬಣ್ಣ ಹೊಡೆಸು ಅಂತಾರೆ ಎಲ್ಲರೂ. ನನಗೆ ಮನಸ್ಸಿಲ್ಲ. ಅಜ್ಜಿಯ ಬಿದರಿ ತಟ್ಟೆ ಅಲ್ಲೇ ತೂಗುಹಾಕಬೇಕು, ಆದರೆ ಕಡುಹಸಿರಿನ ಮೇಲೆ ಅದರ ಕಪ್ಪು ಕಾಣೋದೇ ಇಲ್ಲ, ಬೆಳ್ಳಿ ಬಳ್ಳಿ ಮಾತ್ರ ಮಿಂಚುತ್ತದೆ.

ಗೋಡೆಯಿಂದ ಸ್ವಲ್ಪ ಬಿಟ್ಟು ಹಲಗೆ ಹೊಡೆಸಿ ಅದಕ್ಕೆ ವಾಲ್‌ಪೇಪರ್ ಅಂಟಿಸಿದರೆ ಹಸಿ ತಾಗದೆ ಉಳಿಯುತ್ತದಾ? ತಟ್ಟೆಯ ಹಿಂದೆ ಯಾವ ಬಣ್ಣ ಕೊಡಲಿ? ಹಳೇ ಮನೆಯಲ್ಲಿ ಮಾಡಿಸಿದವರು ದಯವಿಟ್ಟು ಹೇಳಿ.