ದೀಪಾವಳಿಗೆ ಮನೆ ಮುಂದೆ ಸೀರಿಯಲ್ ಸೆಟ್: ಕಾಂಪೌಂಡಿನ ಒಳಗೆಷ್ಟು, ಹೊರಗೆಷ್ಟು?

ಕೇಳಿದ್ದು: ದಾವಣಗೆರೆಯ ತರಳಬಾಳು ಬಡಾವಣೆಯಲ್ಲಿ ಈ ವರ್ಷ ಹೊಸ ಮನೆಗೆ ಬಂದಿದ್ದೇವೆ. ನೀರು ತುಂಬುವ ಹಬ್ಬದಿಂದ ಕಾರ್ತಿಕ ಮುಗಿಯುವವರೆಗೂ ಮನೆಗೆ ದೀಪಾಲಂಕಾರ ಮಾಡಬೇಕೆಂದಿದ್ದೇವೆ. ಎರಡು ಸರಗಳನ್ನು ಎದುರಿನ ಬೀದಿದೀಪದ ಕಂಬಕ್ಕೆ ಎಳೆದು ಕಟ್ಟುವ ಆಸೆಯೂ ಇದೆ. ಪಾಲಿಕೆಯ ಅನುಮತಿ ಬೇಕೇ? ಗೃಹಜ್ಯೋತಿಗೆ ತೊಂದರೆಯಾದೀತೇ? ಮಿನುಗುವ ದೀಪ ಹಾಕಿದರೆ ನಿದ್ದೆ ಬರುವುದಿಲ್ಲವೆಂದು ಎದುರುಮನೆಯ ಹಿರಿಯರು ಈಗಲೇ ಹೇಳಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ವಿದ್ಯಾನಗರದಿಂದ:

ಕಂಬದ ಆಸೆಯನ್ನು ಬಿಟ್ಟುಬಿಡಿ ಸರ್, ಉಳಿದದ್ದೆಲ್ಲ ಸುಲಭ. ಕೆಲವು ವರ್ಷಗಳ ಹಿಂದೆ ನಾನೂ ಅದನ್ನೇ ಮಾಡಿದ್ದೆ. ಮಹಡಿಯ ಗ್ರಿಲ್ಲಿನಿಂದ ಕಂಬಕ್ಕೆ ಸರ ಎಳೆದು, ಅಮಾವಾಸ್ಯೆಯ ರಾತ್ರಿ ಬೀದಿಯವರೆಲ್ಲ ನಿಂತು ನೋಡಿದ್ದಕ್ಕೆ ಹಿಗ್ಗಿ ಮಲಗಿದವನಿಗೆ, ಪಾಡ್ಯದ ಬೆಳಿಗ್ಗೆ ಕಬ್ಬಿನ ಜಲ್ಲೆ ಹೇರಿಕೊಂಡು ಬಂದ ಟ್ರ್ಯಾಕ್ಟರ್ ಆ ಸರವನ್ನು ಗ್ರಿಲ್ಲಿನ ಒಂದು ಸರಳಿನ ಸಮೇತ ಎಳೆದುಕೊಂಡು ಹೋದ ಸದ್ದಿಗೇ ಎಚ್ಚರವಾಯಿತು. ಮಧ್ಯಾಹ್ನ ಬಂದ ಲೈನ್‌ಮನ್ ಕಂಬದ ಮೇಲೆ ಉಳಿದಿದ್ದ ಗಂಟನ್ನು ಕತ್ತರಿಸುತ್ತ, "ಮೀಟರ್ ನಿಮ್ದಿರಬಹುದು ಯಜಮಾನ್ರೇ, ಕಂಬ ನಿಮ್ದಲ್ಲ" ಎಂದರು. ಸಿಟ್ಟು ಬಂದರೂ ಎದುರಾಡಲು ಮಾತಿರಲಿಲ್ಲ.

ಲೆಕ್ಕ ಹೀಗಿದೆ. ನಿಮ್ಮ ಮೀಟರಿನಿಂದಲೇ ವಿದ್ಯುತ್ ಪಡೆದು, ಮಂಜೂರಾದ ಲೋಡಿನ ಮಿತಿಯಲ್ಲಿ, ಕಾಂಪೌಂಡಿನ ಒಳಗೇ ಕಟ್ಟಿಕೊಳ್ಳುವ ಸರಗಳಿಗೆ ನಾನು ಈವರೆಗೆ ಯಾರ ಅನುಮತಿಯನ್ನೂ ಪಡೆದಿಲ್ಲ, ಯಾರೂ ಕೇಳಿಯೂ ಇಲ್ಲ. ತಂತಿ ಕಾಂಪೌಂಡ್ ದಾಟಿದ ಕೂಡಲೇ ವಿಷಯ ಬೇರೆಯಾಗುತ್ತದೆ. ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾದಂದಿನಿಂದ ನಮಗೆ ಅನ್ವಯಿಸುವುದು 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ. ಬೀದಿಗೆ ಅಡ್ಡಲಾಗಿ ಕಮಾನು, ಚಪ್ಪರ ಮುಂತಾದವನ್ನು ತಾತ್ಕಾಲಿಕವಾಗಿ ನಿಲ್ಲಿಸುವುದಕ್ಕೂ ಪಾಲಿಕೆಯ ಒಪ್ಪಿಗೆ ಬೇಕು. ಇಡೀ ಬೀದಿಯವರು ಸೇರಿ ಅಲಂಕಾರ ಮಾಡುವುದಾದರೆ ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಅದಕ್ಕೆ ದರವೂ ಬೇರೆ. ಲೈನಿಗೆ ನೇರವಾಗಿ ಕೊಕ್ಕೆ ಹಾಕಿದರಂತೂ 2003ರ ವಿದ್ಯುಚ್ಛಕ್ತಿ ಕಾಯಿದೆಯ 135ನೆಯ ಕಲಮಿನಡಿ ಅದು ಕಳ್ಳತನವೇ. ಹಬ್ಬಕ್ಕೆಂದು ರಿಯಾಯಿತಿ ಏನೂ ಇಲ್ಲ.

ಇನ್ನೊಂದು ಮಾತು. ಆಕಾಶಬುಟ್ಟಿಯನ್ನು ತಾರಸಿಯ ಮೇಲೆ ಕಬ್ಬಿಣದ ಪೈಪಿಗೆ ಕಟ್ಟಿ ಎತ್ತರಿಸುವವರಿದ್ದಾರೆ. 11 ಕೆವಿ ಲೈನಿಗೂ ಕಟ್ಟಡಕ್ಕೂ ನಡುವೆ ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಬೇಕೆಂದು ಸುರಕ್ಷತಾ ನಿಯಮ ಹೇಳುತ್ತದೆ. ನೀವು ಎತ್ತುವ ಪೈಪು ಆ ಅಂತರವನ್ನೇ ನುಂಗುತ್ತದೆ. ಮನೆಯ ಮುಂದೆ ಅಂಥ ಲೈನ್ ಇದ್ದರೆ ಬುಟ್ಟಿಯನ್ನು ಪೋರ್ಟಿಕೋದಲ್ಲೇ ತೂಗಿಬಿಡಿ.

ನಿಟ್ಟುವಳ್ಳಿಯಿಂದ:

ಮೇಲಿನವರು ಕಾಂಪೌಂಡಿನ ಹೊರಗಿನದನ್ನು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಅಪಾಯ ಒಳಗೇ ಇತ್ತು. ದೀಪಾವಳಿಯ ಹೊತ್ತಿಗೆ ನಮ್ಮ ಕಡೆ ಹಿಂಗಾರಿನ ಮಳೆ ಯಾವಾಗ ಬರುತ್ತದೆಂದು ಹೇಳಲಾಗದು. ಆ ವರ್ಷ ನಾನು ಎರಡು ಸರಗಳನ್ನು ಸೇರಿಸಿ, ಗಂಟಿಗೆ ಕಪ್ಪು ಟೇಪು ಸುತ್ತಿ, ಗೇಟಿನ ಕಮಾನಿಗೆ ಬಿಗಿದಿದ್ದೆ. ರಾತ್ರಿಯೆಲ್ಲ ಹನಿಯಿತು. ಬೆಳಿಗ್ಗೆ ಐದೂವರೆಗೆ ಹಾಲಿನವರು ಚಿಲಕ ಮುಟ್ಟಿದವರೇ ಕೈ ಜಾಡಿಸಿ ಹಿಂದೆ ಸರಿದರು. ಹಾಲಿನ ಪಾಕೀಟುಗಳು ರಂಗೋಲಿಯ ಮೇಲೆ ಬಿದ್ದವು. ಹೋಗಿ ನೋಡಿದರೆ ಟೇಪಿನ ಒಂದು ಅಂಚು ಬಿಚ್ಚಿಕೊಂಡು, ಅದರ ತುದಿಯಿಂದ ನೀರು ಒಂದೊಂದೇ ಹನಿಯಾಗಿ ಕಬ್ಬಿಣದ ಮೇಲೆ ಇಳಿಯುತ್ತಿತ್ತು.

ಎಂಸಿಬಿ ಇದ್ದೂ ಏಕೆ ಬೀಳಲಿಲ್ಲವೆಂದು ಎಲೆಕ್ಟ್ರಿಷಿಯನ್ನರನ್ನು ಕೇಳಿದೆ. ಎಂಸಿಬಿ ಬೀಳುವುದು ಲೋಡು ಹೆಚ್ಚಾದಾಗ ಇಲ್ಲವೇ ಶಾರ್ಟ್ ಆದಾಗ ಮಾತ್ರ. ಮನುಷ್ಯನ ಮೈಯಲ್ಲಿ ಹರಿದುಹೋಗುವಷ್ಟು ಸಣ್ಣ ಸೋರಿಕೆ ಅದಕ್ಕೆ ತಿಳಿಯುವುದೇ ಇಲ್ಲ. ಸೋರಿಕೆಯನ್ನು ಹಿಡಿಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ನಿಮ್ಮದು ಹೊಸ ಮನೆಯಾದ್ದರಿಂದ ಅಳವಡಿಸಿರಬಹುದು. ಬೋರ್ಡು ತೆರೆದು ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ. ಹೊರಗೆ ಹಾಕುವ ಸರ ದೂಳು, ಮಳೆನೀರು ಒಳಹೋಗದ ಐಪಿ65 ಗುರುತಿನದಾಗಿರಲಿ. ಗಂಟುಗಳೇನಿದ್ದರೂ ಮಳೆ ತಾಗದ ಸಜ್ಜೆಯ ಕೆಳಗೇ ಬರುವಂತೆ ನೋಡಿಕೊಳ್ಳಿ.

ಕೆ.ಟಿ.ಜೆ. ನಗರದಿಂದ:

ಗೃಹಜ್ಯೋತಿಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಬಿಲ್ಲಿನ ಲೆಕ್ಕ ನನ್ನದೇ. ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವೆಂದು ತಿಳಿದವರು ಬಹಳ. 2023ರಲ್ಲಿ ಆರಂಭವಾದಾಗ ನಿಗದಿಯಾದದ್ದು 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು. ಹೊಸ ಮನೆಗೆ ಹಿಂದಿನ ಲೆಕ್ಕವಿಲ್ಲದ ಕಾರಣ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು, ಶೇ 10 ಸೇರಿಸಿ 58 ಯೂನಿಟ್ ಎಂದು ಮಾಡಿದರು. ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ.

ಹಾಗೆಂದು ಹೆದರಬೇಕಾಗಿಲ್ಲ. 8 ವಾಟಿನ ಎಲ್‌ಇಡಿ ಸರ ಹನ್ನೆರಡು ಹಾಕಿ, ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ ಹದಿನಾಲ್ಕೂವರೆ ಯೂನಿಟ್ ಕೂಡ ಆಗುವುದಿಲ್ಲ. ಬಿಲ್ಲು ಏರಿಸುವುದು ಹಳೆಯ 500 ವಾಟಿನ ಹ್ಯಾಲೊಜೆನ್ ಫೋಕಸ್ ಲೈಟು. ಅದೊಂದೇ ಅಷ್ಟೇ ಹೊತ್ತಿಗೆ ತಿಂಗಳಿಗೆ 75 ಯೂನಿಟ್ ತಿನ್ನುತ್ತದೆ. ಅಟ್ಟದ ಮೇಲೆ 6 ವೋಲ್ಟಿನ ನಲವತ್ತು ಬಲ್ಬುಗಳ ಹಳೆಯ ಸರವೇನಾದರೂ ಇದ್ದರೆ ಅಲ್ಲೇ ಇರಲಿ. ನಮ್ಮ ಯಜಮಾನರು ಅದರಲ್ಲಿ ಸುಟ್ಟ ಬಲ್ಬುಗಳನ್ನು ತೆಗೆದು ತಂತಿ ಜೋಡಿಸುತ್ತ ಹೋಗಿ, ಉಳಿದ ಬಲ್ಬುಗಳಿಗೆ ವೋಲ್ಟೇಜ್ ಹೆಚ್ಚಾಗಿ, ಅವೂ ಒಂದೊಂದಾಗಿ ಸುಟ್ಟುಹೋದವು.

ಚಿತ್ರದುರ್ಗದಿಂದ:

ನಾನು ಎದುರುಮನೆಯವರ ಪರವಾಗಿ ಬರೆಯುತ್ತೇನೆ. ನಮ್ಮ ತಂದೆಯವರ ಕೋಣೆಯ ಕಿಟಕಿಗೆ ನೇರವಾಗಿ ಎದುರಿನ ಮನೆಯ ಸರಗಳಿದ್ದವು; ರಾತ್ರಿಯಿಡೀ ಸೊಳ್ಳೆಪರದೆಯ ಮೇಲೆ ಕೆಂಪು, ಹಸಿರು ಓಡಾಡುತ್ತಿತ್ತು. ಶಬ್ದಕ್ಕಾದರೆ 2000ದ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ; ಆ ನಿಯಮ ಬೆಳಕಿಗೆ ಅನ್ವಯಿಸದು. ದೂರು ಕೊಡುವ ಯೋಚನೆಯನ್ನೇ ಮಾಡದೆ ಹೋಗಿ ಮಾತನಾಡಿದೆವು. ಅವರು ಸರದ ಪುಟ್ಟ ಪೆಟ್ಟಿಗೆಯ ಗುಂಡಿಯನ್ನು ಒತ್ತುತ್ತ ಹೋಗಿ, ಕೊನೆಗೆ ಸ್ಥಿರವಾಗಿ ಉರಿಯುವ ಹಂತಕ್ಕೆ ತಂದು ನಿಲ್ಲಿಸಿದರು. ಆದರೆ ಕರೆಂಟು ಹೋಗಿ ಬಂದೊಡನೆ ಅದು ಮತ್ತೆ ಮೊದಲಿನ ಆಟಕ್ಕೇ ಮರಳುತ್ತಿತ್ತು. ಆದ್ದರಿಂದ ಎದುರುಮನೆಗೆ ಕಾಣುವ ಭಾಗಕ್ಕೆ ಆ ಪೆಟ್ಟಿಗೆಯೇ ಇಲ್ಲದ, ಒಂದೇ ಬಣ್ಣದ ಸರವನ್ನು ಅಂಗಡಿಯಲ್ಲಿ ಕೇಳಿ ತನ್ನಿ, ಹತ್ತೂವರೆಗೆ ಆರುವಂತೆ ಟೈಮರ್ ಹಾಕಿ. ಮಿನುಗುವವನ್ನು ಹಿತ್ತಲ ಕಡೆಗೆ ಕಟ್ಟಿ.