ದೊಡ್ಡ ಸೋಲಾರ್ ಪ್ರಾಜೆಕ್ಟ್‌ಗೆ ಪ್ರಶಸ್ತಿ ಕೊಡುವಾಗ ಏನು ನೋಡಬೇಕು?

ಸಿವಿಲ್ ಸೈಟ್ ಹುಡುಗ:

ಎಲ್ಲರಿಗೂ ನಮಸ್ಕಾರ. ಸೋಲಾರ್ ಪ್ಲಾಂಟ್ ಕಟ್ಟುವ ಕಂಪನಿಯೊಂದರಲ್ಲಿ ಸಿವಿಲ್ ಕೆಲಸ ನನ್ನದು. ನಮ್ಮ ಒಂದು ಪ್ಲಾಂಟನ್ನು ಪ್ರಶಸ್ತಿಗೆ ಕಳಿಸಬೇಕಂತೆ, ಅರ್ಜಿ ತುಂಬುವುದು ನನ್ನ ತಲೆಗೆ ಬಂದಿದೆ. ಕೇಳಿರುವುದು ಇಷ್ಟು: ಎಷ್ಟು ಮೆಗಾವಾಟ್, ಎಷ್ಟು ಕೋಟಿ, ಗಡುವಿಗಿಂತ ಎಷ್ಟು ಮೊದಲು ಮುಗೀತು, ಅಪಘಾತ ಇಲ್ಲದೆ ಎಷ್ಟು ಲಕ್ಷ ಗಂಟೆ ಕೆಲಸ ನಡೀತು. ಡ್ರೋನ್ ಫೋಟೊ ಕಡ್ಡಾಯ. ಸ್ಥಳೀಯರಿಗೆ ಏನು ಲಾಭ ಅಂತ ಒಂದು ಸಣ್ಣ ಬಾಕ್ಸ್ ಇದೆ ಅಷ್ಟೆ.

ಇಷ್ಟರಲ್ಲಿ ಒಳ್ಳೆ ಪ್ರಾಜೆಕ್ಟ್ ಯಾವುದು, ಸುಮ್ನೆ ದೊಡ್ಡ ಪ್ರಾಜೆಕ್ಟ್ ಯಾವುದು ಅಂತ ಗೊತ್ತಾಗುತ್ತಾ? ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕನ್ನೇ ತಗೊಳ್ಳಿ. ಎಲ್ಲರೂ ಹೊಗಳುತ್ತಾರೆ. ನೀವು ತೀರ್ಪುಗಾರರಾದರೆ ಅದಕ್ಕೆ ಯಾವುದಕ್ಕೆ ಮಾರ್ಕ್ಸ್ ಕೊಡ್ತೀರಿ?

ನಾಗಲಮಡಿಕೆ ಹೋಬಳಿಯವನು:

ನಮ್ಮ ಕಡೆ ಹೆಸರು ತೆಗೆದಿರಲ್ಲ, ಅದಕ್ಕೇ ಬರೀತಿದ್ದೇನೆ. ನಮ್ಮ ಮನೆ ಜಮೀನೂ ಆ ಪಾರ್ಕ್ ಒಳಗೇ ಇದೆ.

2,050 ಮೆಗಾವಾಟ್ ಅನ್ನೋದಕ್ಕೆ ನಾನು ಮಾರ್ಕ್ಸ್ ಕೊಡಲ್ಲ. ರಾಜಸ್ಥಾನದ ಭಡ್ಲಾದಲ್ಲಿ ಅದಕ್ಕಿಂತ ದೊಡ್ಡದಿದೆ. ಇಲ್ಲಿ ಮೆಚ್ಚಬೇಕಾದ್ದು ಜಮೀನು ತಗೊಂಡ ರೀತಿ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13 ಸಾವಿರ ಎಕರೆ. ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿದರು. ಪಾರ್ಕ್ ಮಾಡಿದ ಸರ್ಕಾರಿ ಸಂಸ್ಥೆ ಕೆಎಸ್‌ಪಿಡಿಸಿಎಲ್ ರೈತರ ಹತ್ತಿರ ತಗೊಂಡು ಕಂಪನಿಗಳಿಗೆ ಕೊಟ್ಟಿತು. 28 ವರ್ಷ, ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ, ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಲೆಕ್ಕಕ್ಕೆ ಬನ್ನಿ. ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಹಾಗಾದರೆ ಕೊನೆಯ ಎರಡು ವರ್ಷ ಎಕರೆಗೆ ಸಿಗುವುದು ಸುಮಾರು 39,600. ಅಂದರೆ ಇಷ್ಟೂ ವರ್ಷದಲ್ಲಿ ಎರಡು ಪಟ್ಟೂ ಆಗಲ್ಲ. ಅಷ್ಟರೊಳಗೆ ಅಕ್ಕಿ ಎಣ್ಣೆ ರೇಟು ಎಲ್ಲಿಗೆ ಹೋಗಿರುತ್ತೋ!

ಎಕರೆ ಲೆಕ್ಕದಲ್ಲಿ ದುಡ್ಡು ಬಂದರೆ ಎಕರೆ ಇದ್ದವನಿಗೇ ಬರುತ್ತೆ, ಅಲ್ವಾ? ಇಪ್ಪತ್ತು ಎಕರೆ ಇದ್ದವರು ಊರಲ್ಲಿ ಮನೆ ಕಟ್ಟಿಸಿದರು. ಅವರ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಕಳೆಯೂ ಇಲ್ಲ, ಕೂಲಿಯೂ ಇಲ್ಲ. ಪಾರ್ಕ್‌ನಲ್ಲಿ ಹುಲ್ಲು ಕತ್ತರಿಸೋದು, ಪ್ಯಾನೆಲ್ ತೊಳೆಯೋದು, ಸೆಕ್ಯುರಿಟಿ ಅಂತ ಕೆಲವರಿಗೆ ಕೆಲಸ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ. ಕುರಿ ಮಂದೆ ಇಟ್ಟುಕೊಂಡಿದ್ದವರ ಕಥೆಯೂ ಅಷ್ಟೇ, ಬೇಲಿ ಬಿದ್ದ ಮೇಲೆ ಸುತ್ತು ಹಾಕಿಕೊಂಡು ದೂರ ಹೋಗಬೇಕು.

ನೀವು ಸಿವಿಲ್‌ನವರು, ಅದಕ್ಕೆ ಇನ್ನೊಂದು ಹೇಳ್ತೀನಿ. ನಮ್ಮ ಹೊಲಕ್ಕೂ ಪಕ್ಕದ ಹೊಲಕ್ಕೂ ನಡುವೆ ಒಂದು ಬದು ಇತ್ತು. ಅದರ ತುದಿಗೆ ಬಾಂದು ಕಲ್ಲು, ಪಕ್ಕದಲ್ಲೊಂದು ಹೊಂಗೆ ಮರ. ಲೆವೆಲ್ ಮಾಡುವಾಗ ಮೂರೂ ಹೋದವು. ಈಗ ಅಲ್ಲಿ ನಿಂತರೆ ನಮ್ಮದು ಎಲ್ಲಿಂದ ಶುರು ಅಂತ ನಮ್ಮಪ್ಪನಿಗೇ ಗೊತ್ತಾಗಲ್ಲ. ಪಹಣಿಯಲ್ಲಿದೆ, ನಕ್ಷೆಯಲ್ಲಿದೆ, ನೆಲದ ಮೇಲಿಲ್ಲ. ಗುತ್ತಿಗೆ ಮುಗಿದ ಮೇಲೆ ಹಂಚಿಕೊಡುವವರು ಯಾರು?

ಆದ್ದರಿಂದ ನಾನು ತೀರ್ಪುಗಾರನಾದರೆ ಮೊದಲು ಕೇಳೋದು: ನೆಲ ಎಷ್ಟು ಅಗೆದಿರಿ? ಇಳಿಜಾರು ಇದ್ದ ಹಾಗೇ ಬಿಟ್ಟು ಕಂಬದ ಎತ್ತರದಲ್ಲಿ ಹೊಂದಿಸಿಕೊಂಡಿರಾ, ಇಲ್ಲಾ ಜೆಸಿಬಿ ಬಿಟ್ಟು ಸಪಾಟು ಮಾಡಿದಿರಾ? ಮಳೆ ನೀರು ಕೆರೆಗೆ ಹೋಗುವ ಹಳ್ಳ ಉಳಿಸಿದಿರಾ? ಪ್ಯಾನೆಲ್ ತೊಳೆಯೋಕೆ ನೀರು ಎಲ್ಲಿಂದ? ನಮ್ಮ ತಾಲ್ಲೂಕಿನಲ್ಲಿ ಬೋರ್ ನೀರಲ್ಲಿ ಫ್ಲೋರೈಡು, ಕುಡಿಯೋಕೇ ಒದ್ದಾಟ. ನೀರಿಲ್ಲದೆ ಬ್ರಷ್‌ನಲ್ಲಿ ಒರೆಸುವ ಮೆಷಿನ್ ಹಾಕಿದವರಿಗೆ ನಾನು ಕಣ್ಣು ಮುಚ್ಚಿ ಹತ್ತು ಮಾರ್ಕ್ಸ್ ಜಾಸ್ತಿ ಕೊಡ್ತೀನಿ.

ನಿವೃತ್ತ ಲೈನ್‌ಮನ್:

ಮೇಲಿನವರು ನೆಲದ ಮಾತು ಚೆನ್ನಾಗಿ ಹೇಳಿದ್ದಾರೆ. ನಾನು ತಂತಿಯವನು, ತಂತಿ ಬಗ್ಗೆ ಹೇಳ್ತೀನಿ. ಫೋಟೊದಲ್ಲಿ ಪ್ಯಾನೆಲ್ ಕಾಣುತ್ತೆ, ಸಬ್‌ಸ್ಟೇಷನ್ ಯಾರೂ ತೋರಿಸಲ್ಲ. ತಿರುಮಣಿಯಲ್ಲಿ 400 ಕೆವಿ ಸ್ಟೇಷನ್ ಬರದಿದ್ದರೆ ಅಷ್ಟೂ ಪ್ಯಾನೆಲ್ ಬಿಸಿಲು ಕಾಯಿಸಿಕೊಂಡು ಕೂರಬೇಕಿತ್ತು. ಪ್ಲಾಂಟ್ ರೆಡಿ, ಲೈನ್ ಇಲ್ಲ ಅನ್ನೋ ಕಥೆ ದೇಶದಲ್ಲಿ ಬೇಕಾದಷ್ಟಿದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಕೊಟ್ಟಾಗ ಸುಮಾರು 147 ಕಿ.ಮೀ. ಲೈನ್ ಎಳೆದಿದ್ದರು. ಆ ಕಾಲಕ್ಕೆ ಪವರ್ ಹೌಸಿಗಿಂತ ಅದೇ ದೊಡ್ಡ ಸಾಹಸ.

ಅರ್ಜಿಯಲ್ಲಿ ಮೆಗಾವಾಟ್ ಪಕ್ಕದಲ್ಲೇ ವರ್ಷಕ್ಕೆ ಎಷ್ಟು ಯೂನಿಟ್ ಗ್ರಿಡ್‌ಗೆ ಕೊಟ್ಟಿರಿ ಅಂತಲೂ ಬರೀರಿ. ಬೋರ್ಡ್ ಮೇಲಿನ ಮೆಗಾವಾಟ್‌ಗೆ ಲೈಟ್ ಉರಿಯಲ್ಲ.

ಸಾಗರದ ಹುಡುಗಿ:

ಉದ್ಘಾಟನೆ ಆದ ವರ್ಷವೇ ಪ್ರಶಸ್ತಿ ಕೊಡೋದು ಯಾಕೆ ಅಂತ ನನ್ನ ಪ್ರಶ್ನೆ. ಲಿಂಗನಮಕ್ಕಿ ಡ್ಯಾಮ್ 1964ರದ್ದು. ಶರಾವತಿ ಪವರ್ ಹೌಸ್ 1,035 ಮೆಗಾವಾಟ್, ಇವತ್ತಿಗೂ ರಾಜ್ಯಕ್ಕೆ ಆಸರೆ. ಇಂಜಿನಿಯರಿಂಗ್ ಬಗ್ಗೆ ಎರಡು ಮಾತಿಲ್ಲ. ಆದರೆ ಮುಳುಗಡೆಯಾಗಿ ಎದ್ದು ಬಂದ ಎಷ್ಟೋ ಕುಟುಂಬಗಳು ಅರವತ್ತು ವರ್ಷ ಆದಮೇಲೂ ಹಕ್ಕುಪತ್ರಕ್ಕೆ ಓಡಾಡುತ್ತಿವೆ. ನನ್ನ ಕೇಳಿದರೆ ಹತ್ತು ವರ್ಷ ಬಿಟ್ಟು, ಆ ಊರಿನವರನ್ನು ಕೇಳಿ ಕೊಡಲಿ.

ಸಿವಿಲ್ ಸೈಟ್ ಹುಡುಗ:

ಹತ್ತು ವರ್ಷ ಕಾಯೋಕೆ ನಮ್ಮ ಬಾಸ್ ಒಪ್ಪಲ್ಲ ಬಿಡಿ! ಆದರೂ ಬದುವಿನ ಮಾತು ಉಪಯೋಗಕ್ಕೆ ಬಂತು. ನಮ್ಮಲ್ಲಿ ಕೆಲಸಕ್ಕೆ ಮೊದಲು ಮಾಡಿಸಿದ ಸರ್ವೆ ಇದೆ. ಪ್ರತಿ ಹೊಲದ ಮೂಲೆಯ ಜಿಪಿಎಸ್ ಪಾಯಿಂಟ್ ಸಮೇತ ಒಂದೊಂದು ಪ್ರತಿ ರೈತರಿಗೂ ಕೊಡೋಣ ಅಂತ ಮೀಟಿಂಗ್‌ನಲ್ಲಿ ಎತ್ತುತ್ತೇನೆ. ಇನ್ನೊಂದು ಡೌಟು. ಹುಲ್ಲು ಕತ್ತರಿಸೋಕೆ ಕಾಂಟ್ರಾಕ್ಟ್ ಕೊಡುವ ಬದಲು ಊರಿನವರ ಆಡು ಕುರಿ ಒಳಗೆ ಬಿಟ್ಟರೆ ಹೇಗೆ?

ನಾಗಲಮಡಿಕೆ ಹೋಬಳಿಯವನು:

ಕುರಿ ಬಿಡಿ, ಧಾರಾಳವಾಗಿ ಬಿಡಿ. ತಲೆ ಬಗ್ಗಿಸಿ ಮೇಯ್ದುಕೊಂಡು ಹೋಗುತ್ತವೆ. ಆಡು ಮಾತ್ರ ಬೇಡ. ಪ್ಯಾನೆಲ್ ಮೇಲೆ ಹತ್ತಿ ನಿಲ್ಲುತ್ತವೆ, ಕೈಗೆಟುಕಿದ ಕೇಬಲ್ ಕಡೀತವೆ. ಪ್ಯಾನೆಲ್‌ನ ಕೆಳ ಅಂಚು ಕುರಿ ಬೆನ್ನಿಗಿಂತ ಮೇಲಿರಲಿ, ನೇತಾಡುವ ವೈರ್ ಎಲ್ಲ ಪೈಪ್ ಒಳಗೆ ಹಾಕಿಸಿ. ಗೇಟಿನ ಕೀ ಯಾರ ಹತ್ತಿರ ಅನ್ನೋದನ್ನು ಮಾತ್ರ ಮೊದಲೇ ಊರಿನವರ ಜೊತೆ ಕೂತು ಮಾತಾಡಿಕೊಳ್ಳಿ. ಆಮೇಲೆ ಜಗಳ ಶುರುವಾಗೋದು ಅಲ್ಲೇ.