ಕಡಿಮೆ ಖರ್ಚಿನಲ್ಲಿ ಸಣ್ಣ ಕಾರಿನ ಅಂದ ಹೆಚ್ಚಿಸುವುದು: ಕೈಯಾರೆ ಮಾಡಿ ನೋಡಿದವರ ಅನುಭವಗಳು

ಪ್ರಶ್ನೆ

ನನ್ನ ಬಳಿ ಒಂಬತ್ತು ವರ್ಷ ಹಳೆಯದಾದ, ಬೆಳ್ಳಿ ಬಣ್ಣದ ಸಣ್ಣ ಹ್ಯಾಚ್‌ಬ್ಯಾಕ್ ಕಾರಿದೆ. ಎಂಜಿನ್ ಸುಸ್ಥಿತಿಯಲ್ಲಿರುವುದರಿಂದ ಮಾರುವ ಯೋಚನೆಯಿಲ್ಲ. ಆದರೆ ಹೆಡ್‌ಲ್ಯಾಂಪುಗಳು ಹಳದಿಗಟ್ಟಿವೆ, ಬಂಪರಿನ ಕೆಳಭಾಗದ ಕಪ್ಪು ಪ್ಲಾಸ್ಟಿಕ್ಕು ಬೂದಿ ಬಳಿದಂತಾಗಿದೆ, ವೀಲ್ ಕ್ಯಾಪುಗಳ ತುಂಬ ಗೀರುಗಳಿವೆ. ಚಾವಣಿಗೆ ಕಪ್ಪು ವಿನೈಲ್ ಹಾಳೆ ಅಂಟಿಸಿ, ಹಿಂಬದಿಗೆ ಸ್ಪಾಯ್ಲರ್ ಎಂಬ ರೆಕ್ಕೆಯಂಥ ಪಟ್ಟಿ ಕೂರಿಸಿ, ಒಳಗೆ ಎಲ್‌ಇಡಿ ಪಟ್ಟಿ ಹಾಕಿದರೆ ಕಾರಿಗೆ ಹೊಸ ಕಳೆ ಬಂದೀತೆಂಬ ಆಸೆ ನನ್ನದು. ಗ್ಯಾರೇಜ್ ಇಲ್ಲ, ಕಾರು ಮರದ ಕೆಳಗೆ ನಿಲ್ಲುತ್ತದೆ. ಸಾಮಾನ್ಯ ಸ್ಕ್ರೂಡ್ರೈವರುಗಳು, ಜ್ಯಾಕ್ ಮತ್ತು ಒಂದು ಹೇರ್ ಡ್ರೈಯರ್ ಬಿಟ್ಟರೆ ಬೇರೆ ಸಲಕರಣೆಯಿಲ್ಲ. ವೃತ್ತಿಪರರಿಗೆ ಕೊಡುವಷ್ಟು ಹಣವನ್ನು ಈ ಕಾರಿಗೆ ಹಾಕಲು ಮನಸ್ಸಿಲ್ಲ. ಯಾವುದರಿಂದ ಆರಂಭಿಸಬೇಕು, ಯಾವುದರ ತಂಟೆಗೆ ಹೋಗಬಾರದು ಎಂಬುದನ್ನು ಸ್ವತಃ ಮಾಡಿ ನೋಡಿದವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ನೀವು ಮಾಡಬೇಕೆಂದಿರುವ ಕೆಲಸಗಳನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು, ಕಾರಿನ ದೋಷಗಳೆಂದು ನೀವೇ ಹೇಳಿರುವ ಮೂರನ್ನು ಮೊದಲು ಕೈಗೆತ್ತಿಕೊಳ್ಳಿ ಎಂಬುದು ನನ್ನ ಸಲಹೆ. ನಾನು ಇದನ್ನು ತಿರುಗಾಮುರುಗಾ ಮಾಡಿದ್ದೆ. ಹಳದಿ ಹೆಡ್‌ಲ್ಯಾಂಪುಗಳನ್ನು ಹಾಗೆಯೇ ಬಿಟ್ಟು ಚಾವಣಿಯನ್ನು ಮಾತ್ರ ಮಿರಿಮಿರಿ ಕಪ್ಪಾಗಿಸಿದಾಗ, ಕಾರನ್ನು ನೋಡಿದ ಇಬ್ಬರು ಸ್ನೇಹಿತರು, ಎಲ್ಲಿಯಾದರೂ ಮಗುಚಿಬಿದ್ದು ಚಾವಣಿ ಬದಲಾಯಿಸಬೇಕಾಯಿತೇ ಎಂದು ಕಳಕಳಿಯಿಂದ ವಿಚಾರಿಸಿದರು. ಹಳತಾದ ಭಾಗದ ಪಕ್ಕದಲ್ಲಿ ಹೊಸದೊಂದನ್ನು ಇಟ್ಟರೆ ಹಳತೇ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಹೆಡ್‌ಲ್ಯಾಂಪಿನ ವಿಷಯದಲ್ಲಿ ನಾನು ಎರಡು ಬಾರಿ ಸೋತು ಮೂರನೆಯ ಬಾರಿ ಗೆದ್ದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದೀಪದ ಮುಂದಿನ ಕವಚ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯಲೆಂದು ಕಾರ್ಖಾನೆಯಲ್ಲಿಯೇ ಅದರ ಮೇಲೊಂದು ಗಟ್ಟಿ ಲೇಪನ ಕೊಟ್ಟಿರುತ್ತಾರೆ. ವರ್ಷಗಳು ಕಳೆದಂತೆ ಆ ಲೇಪನ ಶಿಥಿಲವಾಗಿ, ಅದರಡಿಯ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಮೊದಲ ಸಲ ನಾನು ಹಲ್ಲುಜ್ಜುವ ಪೇಸ್ಟಿನಿಂದ ಉಜ್ಜಿದೆ. ಕೆಲವು ವಾರ ಬೆಳ್ಳಗೆ ಕಂಡು ಮತ್ತೆ ಮಂಕಾಯಿತು. ಎರಡನೆಯ ಸಲ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ಹಿಡಿದು ಶ್ರದ್ಧೆಯಿಂದ ಉಜ್ಜಿ ಪಾಲಿಷ್ ಮಾಡಿದೆನಾದರೂ ಮೇಲೆ ರಕ್ಷಣೆಯ ಲೇಪನ ಕೊಡಲಿಲ್ಲ. ಕಾರ್ಖಾನೆಯ ಲೇಪನದಲ್ಲಿ ಅಳಿದುಳಿದದ್ದನ್ನೂ ನಾನೇ ಉಜ್ಜಿ ತೆಗೆದಿದ್ದರಿಂದ, ಆ ವರ್ಷದ ಬೇಸಿಗೆ ಮುಗಿಯುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ಹಳದಿಯಾಯಿತು.

ಸರಿಯಾದ ಕ್ರಮ ಹೀಗಿದೆ. ದೀಪದ ಸುತ್ತಲಿನ ಬಣ್ಣದ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ, 600ರ ಕಾಗದದಿಂದ ತೊಡಗಿ 1000, 2000, 3000 ಹೀಗೆ ನುಣುಪಾಗುತ್ತ ಹೋಗುವ ಕಾಗದಗಳಿಂದ, ನೀರು ಚಿಮುಕಿಸುತ್ತ ಉಜ್ಜಬೇಕು. ಒಂದು ಕಾಗದದಲ್ಲಿ ಅಡ್ಡಡ್ಡವಾಗಿ ಉಜ್ಜಿದ್ದರೆ ಮುಂದಿನದರಲ್ಲಿ ಉದ್ದುದ್ದವಾಗಿ ಉಜ್ಜಿದಾಗ, ಹಿಂದಿನ ಗೀರುಗಳು ಪೂರ್ತಿ ಹೋದವೋ ಇಲ್ಲವೋ ಎಂಬುದು ಸುಲಭವಾಗಿ ಗೊತ್ತಾಗುತ್ತದೆ. ನಡುವಿನ ಒಂದು ಹಂತದಲ್ಲಿ ದೀಪ ಸ್ನಾನದ ಮನೆಯ ಕಿಟಕಿ ಗಾಜಿನಂತೆ ಪೂರ್ತಿ ಮಬ್ಬಾಗುತ್ತದೆ. ಗಾಬರಿಯಿಂದ ಅಲ್ಲಿಗೇ ನಿಲ್ಲಿಸಬೇಡಿ. ಕೊನೆಗೆ ಕಾಂಪೌಂಡ್ ಎಂಬ ಪಾಲಿಷ್ ಪೇಸ್ಟಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಲೇಪನವನ್ನು ತಪ್ಪದೆ ಕೊಡಬೇಕು. ಹಳದಿ ಅಥವಾ ತೇವ ಕವಚದ ಒಳಮೈಯಲ್ಲಿದ್ದರೆ ಹೊರಗಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲವೆಂಬುದನ್ನು ಕೆಲಸಕ್ಕೆ ಇಳಿಯುವ ಮೊದಲೇ ನೋಡಿಕೊಳ್ಳಿ. ಅಂದ ಹೇಗಾದರೂ ಇರಲಿ, ರಾತ್ರಿ ರಸ್ತೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಇಷ್ಟು ಅಗ್ಗದ ಇನ್ನಾವ ಅಲಂಕಾರದಿಂದಲೂ ಆ ಲಾಭವಿಲ್ಲ.

ಬೂದಿಯಾದ ಪ್ಲಾಸ್ಟಿಕ್ಕಿಗೆ ಎರಡು ದಾರಿಗಳಿವೆ. ಸಿಲಿಕೋನ್ ದ್ರವ ಒರೆಸಿದರೆ ಅಂದೇ ಕಪ್ಪಾಗುತ್ತದೆ, ಆದರೆ ನಾಲ್ಕು ಮಳೆಗೆ ತೊಳೆದುಹೋಗುತ್ತದೆ. ಪ್ಲಾಸ್ಟಿಕ್ಕಿಗೆಂದೇ ತಯಾರಿಸಿದ, ಒಣಗಿ ಗಟ್ಟಿಯಾಗುವ ಲೇಪನ ಇದಕ್ಕಿಂತ ದುಬಾರಿಯಾದರೂ ಬಹುಕಾಲ ನಿಲ್ಲುತ್ತದೆ. ಎರಡಕ್ಕೂ ಮೊದಲು ಬ್ರಷ್ ಮತ್ತು ಸೋಪಿನಿಂದ ಹಳೆಯ ಮೇಣದ ಬಿಳಿ ಕಲೆಗಳನ್ನೆಲ್ಲ ತೆಗೆಯಬೇಕು. ಹೀಟ್ ಗನ್ನಿನಿಂದ ಕಾಯಿಸಿ ಕಪ್ಪು ಮರಳಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಅದು ತಾತ್ಕಾಲಿಕ ಮಾತ್ರವಲ್ಲ, ಕೈ ಒಂದು ಕ್ಷಣ ನಿಂತರೂ ಬಂಪರ್ ಸುಕ್ಕುಗಟ್ಟುತ್ತದೆ.

ಎರಡನೆಯ ಉತ್ತರ

ಹೆಡ್‌ಲ್ಯಾಂಪಿನ ಬಗ್ಗೆ ಮೇಲಿನವರು ಬರೆದಿದ್ದಕ್ಕೆ ಸೇರಿಸುವುದೇನಿಲ್ಲ. ನನಗೆ ಅನುಭವವಿರುವುದು ಚಕ್ರಗಳಲ್ಲಿ. ವೀಲ್ ಕ್ಯಾಪುಗಳನ್ನು ಕಳಚಿ ಮನೆಯೊಳಗೆ ಕುಳಿತು ಕೆಲಸ ಮಾಡಬಹುದಾದ್ದರಿಂದ, ಗ್ಯಾರೇಜ್ ಇಲ್ಲದವರಿಗೆ ಇದಕ್ಕಿಂತ ಅನುಕೂಲವಾದದ್ದಿಲ್ಲ. ಸೋಪಿನಿಂದ ತೊಳೆದು, 600ರ ಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರ್ ಹೊಡೆದು, ಸುಮಾರು 20ರಿಂದ 30 ಸೆಂಟಿಮೀಟರ್ ದೂರದಿಂದ ತೆಳುವಾದ ಪದರಗಳಲ್ಲಿ ಸ್ಪ್ರೇ ಮಾಡಬೇಕು. ಬೇಗ ಮುಗಿಸುವ ಆತುರದಲ್ಲಿ ಒಂದೇ ಸಲಕ್ಕೆ ದಪ್ಪಗೆ ಹೊಡೆದ ನನ್ನ ಮೊದಲ ಕ್ಯಾಪಿನಲ್ಲಿ ಬಣ್ಣ ಕಣ್ಣೀರಿನಂತೆ ಇಳಿದಿತ್ತು. ಅದನ್ನು ಕಾರಿನ ಎಡಗಡೆ ಹಿಂಬದಿಗೆ ಹಾಕಿ, ಗೋಡೆಯ ಕಡೆಗೆ ನಿಲ್ಲಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಬೇಡವಾದಾಗ ಸುಲಿದು ತೆಗೆಯಬಹುದಾದ ರಬ್ಬರ್ ಬಣ್ಣವನ್ನು ಬಳಸುವುದಾದರೆ ಜಿಪುಣತನ ಮಾಡಬಾರದು. ಐದಾರು ಪದರ ಹೊಡೆದರೆ ಅದು ಹಾಳೆಯಂತೆ ಒಟ್ಟಿಗೆ ಕಿತ್ತು ಬರುತ್ತದೆ. ಎರಡೇ ಪದರಕ್ಕೆ ನಿಲ್ಲಿಸಿದರೆ ಉಗುರಿನಲ್ಲಿ ಚೂರು ಚೂರೇ ಕೆರೆಯಬೇಕಾಗುತ್ತದೆ. ಮಾಸ್ಕಿಂಗ್ ಟೇಪನ್ನು ಕೊನೆಯ ಪದರ ಹಸಿಯಾಗಿರುವಾಗಲೇ ತೆಗೆಯಬೇಕು, ಒಣಗಿದ ಮೇಲೆ ಎಳೆದರೆ ಅಂಚು ಹರಿಯುತ್ತದೆ.

ಕ್ಯಾಪುಗಳನ್ನೇ ಬಿಟ್ಟು ಉಕ್ಕಿನ ರಿಮ್ಮಿಗೆ ಕಪ್ಪು ಬಳಿಯುವವರು ಒಂದು ಮಾತನ್ನು ಮರೆಯಬಾರದು. ನಟ್ಟುಗಳು ಕೂರುವ ಕುಳಿ ಮತ್ತು ರಿಮ್ಮು ಹಬ್ಬಿಗೆ (ಚಕ್ರವನ್ನು ಕೂರಿಸುವ ನಡುಭಾಗಕ್ಕೆ) ಅಂಟುವ ಒಳಮೈ ಈ ಎರಡು ಕಡೆ ಬಣ್ಣ ಬೀಳದಂತೆ ಮುಚ್ಚಿಡಬೇಕು, ಏಕೆಂದರೆ ಅಲ್ಲಿ ಬಿದ್ದ ಬಣ್ಣ ಓಡಾಟದಲ್ಲಿ ಒತ್ತಿ ಸವೆದು, ಬಿಗಿಮಾಡಿದ ನಟ್ಟು ಸಡಿಲವಾಗುವ ಅಪಾಯವಿದೆ. ಚಕ್ರ ಹಾಕಿದ ನಂತರ ಸ್ವಲ್ಪ ದೂರ ಓಡಿಸಿ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಟೈರು ಮತ್ತು ರಿಮ್ಮಿನ ನಡುವೆ ಹಳೆಯ ಇಸ್ಪೀಟೆಲೆಗಳನ್ನು ಸುತ್ತಲೂ ಸಿಕ್ಕಿಸಿದರೆ ಟೈರಿಗೆ ಬಣ್ಣ ತಾಗುವುದಿಲ್ಲ. ಚಕ್ರ ಬಿಚ್ಚಿದಾಗ ತುಕ್ಕು ಹಿಡಿದ ಹಿಂಬದಿಯ ಬ್ರೇಕ್ ಡ್ರಮ್ಮಿನ ಹೊರಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಶಾಖ ತಡೆಯುವ ಕಪ್ಪು ಬಣ್ಣ ಬಳಿಯಬಹುದು. ಮುಂಬದಿಯ ಡಿಸ್ಕಿನಲ್ಲಿ ಪ್ಯಾಡು ಉಜ್ಜುವ ಮೈಗೆ ಮಾತ್ರ ಯಾವ ಬಣ್ಣವೂ, ಯಾವ ಪಾಲಿಷೂ ತಾಗಕೂಡದು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಪಕ್ಕದಲ್ಲಿ ಕುಳಿತು ಕೆಲಸ ಮಾಡದೆ, ಸ್ಟ್ಯಾಂಡ್ ಕೊಟ್ಟುಕೊಳ್ಳಿ.

ಮೂರನೆಯ ಉತ್ತರ

ಚಾವಣಿಯ ವಿನೈಲ್ ಬಗ್ಗೆ ನನ್ನದು ನೇರವಾದ ಅಭಿಪ್ರಾಯ: ಮರದ ಕೆಳಗೆ ಅದನ್ನು ಮಾಡಬೇಡಿ. ಹಾಳೆಯ ಹಿಂಬದಿಯ ಕಾಗದವನ್ನು ಸುಲಿದ ಕ್ಷಣದಿಂದ ಗಾಳಿಯಲ್ಲಿರುವ ಧೂಳು, ಎಲೆಯ ಪುಡಿ, ಸೊಳ್ಳೆ ಎಲ್ಲವೂ ಅಂಟಿಗೆ ಬಂದು ಕೂರುತ್ತವೆ, ಮತ್ತು ಅಡಿಗೆ ಸಿಕ್ಕಿದ ಮರಳಿನ ಒಂದು ಕಣವೂ ಮೇಲೆ ಮೊಡವೆಯಂತೆ ಎದ್ದು ಕಾಣುತ್ತದೆ. ಯಾರದಾದರೂ ಮುಚ್ಚಿದ ಶೆಡ್ಡು ಒಂದು ದಿನದ ಮಟ್ಟಿಗೆ ಸಿಕ್ಕರೆ, ಜೊತೆಗೆ ಹಾಳೆಯನ್ನು ಇನ್ನೊಂದು ತುದಿಯಿಂದ ಎಳೆದು ಹಿಡಿಯಲು ಇನ್ನೊಬ್ಬರಿದ್ದರೆ, ಆಗ ಯೋಚಿಸಿ.

ಅದಕ್ಕೂ ಮೊದಲು ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬದ ಹೊರಮೈಗೆ ಕಪ್ಪು ಹಾಳೆ ಅಂಟಿಸಿ ಕೈ ಪಳಗಿಸಿಕೊಳ್ಳಿ. ಅದು ಬಹುಮಟ್ಟಿಗೆ ಚಪ್ಪಟೆಯಾಗಿದೆ, ಚಿಕ್ಕದಾಗಿದೆ, ಕೆಟ್ಟರೆ ನಷ್ಟವಾಗುವುದು ಒಂದು ಗೇಣು ಹಾಳೆ ಮಾತ್ರ. ಹಾಗೆ ಕಪ್ಪಾದ ಕಂಬದಿಂದ ಕಿಟಕಿಗಳೆಲ್ಲ ಒಂದೇ ಗಾಜಿನಂತೆ ಕಂಡು ಸಣ್ಣ ಕಾರು ಸ್ವಲ್ಪ ಉದ್ದವಾದಂತೆ ತೋರುವುದು ನನಗೇ ಅಚ್ಚರಿ ತಂದಿತ್ತು. ಇದಕ್ಕೆ ತದ್ವಿರುದ್ಧವಾಗಿ, ಹೊರಗನ್ನಡಿಯ ಬೆನ್ನು ಎಲ್ಲ ದಿಕ್ಕಿಗೂ ಬಾಗಿರುವುದರಿಂದ ಚಿಕ್ಕದೆಂದು ನಂಬಿ ಕೈಹಾಕಿದವರನ್ನು ಅಳಿಸುತ್ತದೆ. ನಾನು ಮೂರು ತುಂಡು ಹಾಳು ಮಾಡಿ ಕೈಬಿಟ್ಟೆ.

ವಿನೈಲಿನಲ್ಲಿ ಕ್ಯಾಲೆಂಡರ್ಡ್ ಮತ್ತು ಕಾಸ್ಟ್ ಎಂಬ ಎರಡು ಬಗೆಗಳಿವೆ. ಮೊದಲನೆಯದು ಅಗ್ಗ, ಆದರೆ ಕಾಲಕ್ರಮದಲ್ಲಿ ಕುಗ್ಗಿ ಅಂಚಿನಿಂದ ಹಿಂದೆ ಸರಿಯುತ್ತದೆ; ಎರಡನೆಯದು ದುಬಾರಿ, ತೆಳು, ಬಾಗಿದ ಮೈಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಕಂಬಕ್ಕೆ ಅಗ್ಗದ್ದೇ ಸಾಕು. ಯಾವುದೇ ಆಗಲಿ, ಅಂಟಿಸಿದ ಮೇಲೆ ಅಂಚುಗಳಿಗೆ ಚೆನ್ನಾಗಿ ಶಾಖ ಕೊಟ್ಟು ಒತ್ತದಿದ್ದರೆ ಎರಡು ಸಲ ತೊಳೆಯುವಷ್ಟರಲ್ಲಿ ಏಳತೊಡಗುತ್ತದೆ. ಹಾಳೆಯನ್ನು ಕಾರಿನ ಮೇಲೆಯೇ ಬ್ಲೇಡಿನಿಂದ ಕತ್ತರಿಸಲೇಬಾರದು, ಏಕೆಂದರೆ ಬಣ್ಣದಲ್ಲಿ ಬಿದ್ದ ಆ ಗೆರೆಯಿಂದಲೇ ಮುಂದೆ ತುಕ್ಕು ಶುರುವಾಗುತ್ತದೆ. ಹಿಂದೆ ಮರುಬಣ್ಣ ಕಂಡಿರುವ ಅಥವಾ ಮೇಲ್ಪದರ ಸಿಪ್ಪೆಯೇಳುತ್ತಿರುವ ಜಾಗಕ್ಕೆ ವಿನೈಲ್ ಹಾಕಿದರೆ, ತೆಗೆಯುವ ದಿನ ಬಣ್ಣವೂ ಅದರ ಜೊತೆಗೇ ಬರುತ್ತದೆ.

ನಾಲ್ಕನೆಯ ಉತ್ತರ

ಎಲ್‌ಇಡಿ ಪಟ್ಟಿಯ ಬಗ್ಗೆ ಮಾತ್ರ ಹೇಳುತ್ತೇನೆ. ನಾನು ಅದನ್ನು ಸದಾ ವಿದ್ಯುತ್ತು ಹರಿಯುವ ತಂತಿಗೆ ಸೇರಿಸಿ, ಆರಿಸುವುದನ್ನು ಮರೆತು ಊರಿಗೆ ಹೋಗಿ, ನಾಲ್ಕು ದಿನದ ನಂತರ ಸತ್ತ ಬ್ಯಾಟರಿಯ ಎದುರು ನಿಂತವನು. ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸನ್ನು ಹುಡುಕಿ, ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಿಂದ ಇನ್ನೊಂದು ತಂತಿ ಎಳೆಯುವ ಜೋಡಣೆ) ಬಳಸಿ, ಪಟ್ಟಿಗೆ ಅದರದೇ ಆದ ಚಿಕ್ಕ ಫ್ಯೂಸ್ ಕೊಡಬೇಕು. ತಂತಿಗಳನ್ನು ಹೊಸೆದು ಟೇಪ್ ಸುತ್ತಿದರೆ ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಪೆಡಲುಗಳ ಬಳಿ ಯಾವ ತಂತಿಯೂ ಜೋಲಾಡಬಾರದು. ಸಾಮಾನ್ಯವಾಗಿ ಹಳದಿ ಬಣ್ಣದ ಹೊದಿಕೆಯಲ್ಲಿ ಬರುವ ಏರ್‌ಬ್ಯಾಗ್ ತಂತಿಗಳನ್ನು ಮುಟ್ಟಲೇಬೇಡಿ. ಚಾವಣಿಯ ಒಳದೀಪಕ್ಕೆ ಹಾಕಿದ ಎಲ್‌ಇಡಿ ಬಲ್ಬು ಉರಿಯದಿದ್ದರೆ ಅಂಗಡಿಗೆ ಓಡುವ ಮೊದಲು ಅದನ್ನು ತಿರುಗಿಸಿ ಹಾಕಿ ನೋಡಿ, ಧನ ಋಣ ಅದಲುಬದಲಾಗಿರುತ್ತದೆ. ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಹೆಡ್‌ಲ್ಯಾಂಪಿನೊಳಗೆ ಎಲ್‌ಇಡಿ ತುರುಕುವುದು ಅಲಂಕಾರವಲ್ಲ, ಎದುರಿನಿಂದ ಬರುವವರ ಕಣ್ಣು ಕುಕ್ಕುವ ಅಪರಾಧ.

ಒಳಾಂಗಣಕ್ಕೇ ಖರ್ಚು ಮಾಡುವುದಾದರೆ ಸ್ಟೀರಿಂಗಿಗೆ ಸೂಜಿದಾರದಿಂದ ಹೊಲಿದು ಕೂರಿಸುವ ಹೊದಿಕೆ ತನ್ನಿ. ಜಾರಿಸಿ ಏರಿಸುವ ಸಡಿಲ ಹೊದಿಕೆ ತಿರುವಿನಲ್ಲಿ ಕೈಯೊಡನೆ ತಾನೂ ತಿರುಗುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆ ದಾರಿ ಬಿಟ್ಟು ಹೊಲಿದ ಸೀಟ್ ಕವರನ್ನೇ ಆರಿಸಬೇಕು.

ಐದನೆಯ ಉತ್ತರ

ಸ್ಪಾಯ್ಲರಿಗಾಗಿ ಡಿಕ್ಕಿ ಬಾಗಿಲಿಗೆ ರಂಧ್ರ ಕೊರೆಯಬೇಡಿ, ನೀರಿಳಿದು ತುಕ್ಕು ಹಿಡಿಯುವುದು ಅಲ್ಲಿಂದಲೇ. ಹಗುರವಾದದ್ದಾದರೆ ಅಕ್ರಿಲಿಕ್ ಫೋಮಿನ ಎರಡು ಬದಿ ಅಂಟುವ ಟೇಪ್ ಸಾಕು, ಆದರೆ ಆ ಅಂಟು ಪೂರ್ಣ ಬಲಕ್ಕೆ ಬರಲು ಸಾಧಾರಣ ಉಷ್ಣಾಂಶದಲ್ಲಿ ಸುಮಾರು 72 ಗಂಟೆ ಬೇಕು. ಅಂಟಿಸಿದ ಸಂಜೆಯೇ ಹೆದ್ದಾರಿಗೆ ಹೊರಟ ನನ್ನ ಸ್ಪಾಯ್ಲರಿನ ಒಂದು ತುದಿ ದಾರಿಯಲ್ಲೇ ಎದ್ದು ನಿಂತಿತ್ತು. ಅಂದ ಹಾಗೆ, ನಗರದ ವೇಗದಲ್ಲಿ ಓಡುವ ಸಣ್ಣ ಕಾರಿಗೆ ಅದರಿಂದ ಆಗುವ ಉಪಯೋಗ ಏನೂ ಇಲ್ಲ.

ಇಲ್ಲಿ ಯಾರೂ ತೊಳೆಯುವ ಮಾತೆತ್ತಿಲ್ಲ. ಸೋಪಿನ ನೀರಿಗೊಂದು, ಬಟ್ಟೆ ಜಾಲಿಸಲೊಂದು ಎಂದು ಎರಡು ಬಕೆಟ್ ಇಟ್ಟುಕೊಂಡು ತೊಳೆದು, ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ) ಉಜ್ಜಿ, ಕೈಯಿಂದಲೇ ಪಾಲಿಷ್ ಮತ್ತು ಮೇಣ ಹಚ್ಚಿದರೆ ಬೆಳ್ಳಿ ಬಣ್ಣಕ್ಕೆ ಮರಳುವ ಹೊಳಪಿನ ಮುಂದೆ ವಿನೈಲ್ ಬೇಕೆಂದೇ ಅನ್ನಿಸದಿರಬಹುದು. ಆದರೆ ಬಣ್ಣದ ಮೇಲಿನ ಕ್ಲಿಯರ್ ಪದರ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಮಾತ್ರ, ಅಂದರೆ ತಲೆಗೂದಲಿಗಿಂತಲೂ ತೆಳು. ಪ್ರತಿ ಪಾಲಿಷಿನಲ್ಲೂ ಅದು ಅಷ್ಟಷ್ಟು ಸವೆಯುವುದರಿಂದ, ತಿಂಗಳಿಗೊಮ್ಮೆ ಉಜ್ಜುವ ಉತ್ಸಾಹ ಬೇಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಎರಡು ಭಾನುವಾರ ಕಳೆದಿವೆ. ತೊಳೆದು ಪಾಲಿಷ್ ಮಾಡಿ, ಹೆಡ್‌ಲ್ಯಾಂಪು, ಬಂಪರಿನ ಪ್ಲಾಸ್ಟಿಕ್ಕು ಮತ್ತು ನಾಲ್ಕೂ ವೀಲ್ ಕ್ಯಾಪುಗಳನ್ನು ಮುಗಿಸಿದ್ದೇನೆ. ಚಾವಣಿಯನ್ನೂ ಸ್ಪಾಯ್ಲರನ್ನೂ ಕೈಬಿಟ್ಟು, ಕಂಬಗಳಿಗೆ ಸಾಲುವಷ್ಟು ವಿನೈಲ್ ಮಾತ್ರ ತಂದಿಟ್ಟಿದ್ದೇನೆ. ಎಡಗಡೆಯ ದೀಪ ತಿಳಿಯಾಗಿದೆ. ಬಲಗಡೆಯದಕ್ಕೆ ಬರುವಷ್ಟರಲ್ಲಿ ಕೈಸೋತು 1000ದಿಂದ ನೇರವಾಗಿ 3000ಕ್ಕೆ ಹಾರಿದ್ದರಿಂದ, ಸಂಜೆಯ ಓರೆ ಬಿಸಿಲಿನಲ್ಲಿ ಸಣ್ಣ ಗೀರುಗಳು ಜೇಡರ ಬಲೆಯಂತೆ ಕಾಣುತ್ತಿವೆ. ಕ್ಲಿಯರ್ ಲೇಪನವನ್ನು ಇನ್ನೂ ಕೊಟ್ಟಿಲ್ಲವಾದ್ದರಿಂದ ಅದೊಂದನ್ನು 2000ದಿಂದ ಮತ್ತೆ ಉಜ್ಜಿ, ಎರಡಕ್ಕೂ ಒಟ್ಟಿಗೆ ಲೇಪನ ಕೊಡುತ್ತೇನೆ.